ಹಿತ್ತಲ ಗಿಡಗಳೂ ಶಾಲೆಯ ಸಸಿತೋಟವೂ

ಮಳವಳ್ಳಿ ತಾಲ್ಲೂಕಿನ ಬ್ಲಫ್ ಎಂಬ ಊರಿನ ಹೆಸರನ್ನು ಕೇಳಿದೊಡನೆ ನಮ್ಮ ನೆನಪಿಗೆ ಬರುವುದು ವಿದ್ಯುಚ್ಛಕ್ತಿ. ಕಾವೇರಿಯು ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಗಳೆಂದು ಎರಡಾಗಿ ಧುಮುಕುವ ಆ ಪ್ರದೇಶದಲ್ಲಿ 1902ನೆಯ ಇಸವಿಯಲ್ಲಿ ವಿದ್ಯುದಾಗಾರವು ಕೆಲಸಕ್ಕೆ ತೊಡಗಿ, ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸಿತು. 1905ರಲ್ಲಿ ಬೆಂಗಳೂರಿಗೂ ಆ ಬೆಳಕು ಮುಟ್ಟಿತು. ಇದನ್ನು ನಮ್ಮ ಮಕ್ಕಳು ಪಾಠವಾಗಿ ಕಲಿಯುತ್ತಾರೆ, ಕಲಿಯತಕ್ಕದ್ದೇ ಸರಿ. ಆದರೆ ಅಂಥ ಊರಿನ ಮನೆಗಳ ಹಿಂದೆ, ಬಚ್ಚಲ ನೀರು ಹರಿಯುವಲ್ಲಿ ಬೆಳೆಯುವ ಗಿಡಗಳನ್ನು ಕುರಿತು ಯಾವ ಪಾಠವೂ ಇಲ್ಲ. ಆ ಗಿಡಗಳ ಪರವಾಗಿ ಎರಡು ಮಾತುಗಳನ್ನು ಹೇಳುವುದೇ ಈ ಬರಹದ ಉದ್ದೇಶ.

ಹಿತ್ತಲ ಗಿಡಗಳೆಂದರೆ ಯಾವುವು? ದಾಸವಾಳ, ನಂದಿಬಟ್ಟಲು, ಮಲ್ಲಿಗೆ, ಕನಕಾಂಬರ, ಸೇವಂತಿಗೆ, ಸಂಜೆಮಲ್ಲಿಗೆ, ಸುಗಂಧರಾಜ, ಚೆಂಡುಹೂ, ಮರುಗ, ದವನ, ಪಚ್ಚೆತೆನೆ ಮೊದಲಾದವು. ಇವೆಲ್ಲವೂ ಈ ನೆಲದಲ್ಲಿಯೇ ಹುಟ್ಟಿದವಲ್ಲ. ಕನಕಾಂಬರವೂ ದವನವೂ ನಮ್ಮ ದಕ್ಷಿಣ ದೇಶದವು. ಚೆಂಡುಹೂವೂ ಸುಗಂಧರಾಜವೂ ಮೆಕ್ಸಿಕೋ ದೇಶದಿಂದ ಕಡಲು ದಾಟಿ ಬಂದವು. ಸೇವಂತಿಗೆಯ ತವರು ಚೀನಾ. ಆದರೂ ಅವುಗಳನ್ನು ಇಂದು ಯಾರೂ ಪರದೇಶದವೆನ್ನುವುದಿಲ್ಲ. ತಲೆಮಾರುಗಳ ಕಾಲ ನಮ್ಮ ಅಜ್ಜಿಯರು ನೀರೆರೆದು, ನೆರೆಮನೆಗೆ ಕಡ್ಡಿ ಮುರಿದುಕೊಟ್ಟು ಅವನ್ನು ನಮ್ಮವನ್ನಾಗಿ ಮಾಡಿದರು. ಕೊಡುವ ಕೈಯಿಂದಲೇ ಈ ಗಿಡಗಳು ಉಳಿದು ಬಂದಿವೆ.

ಆ ಕೊಡುವಿಕೆಯು ಈಗ ನಿಲ್ಲುತ್ತಲಿದೆ. ಹೊಸ ಮನೆಗಳಿಗೆ ಹಿತ್ತಲೆಂಬುದಿಲ್ಲ. ಗಿಡ ಬೇಕಾದವರು ಪೇಟೆಯಲ್ಲಿ ಹೂ ಬಿಟ್ಟ ಕುಂಡವನ್ನೇ ಕೊಂಡು ತಂದು, ಅದು ಒಣಗಿದ ಮೇಲೆ ಇನ್ನೊಂದನ್ನು ತರುತ್ತಾರೆ. ಸಂಕರ ತಳಿಯ ಚೆಂಡುಹೂವಿನ ಬೀಜವನ್ನು ಎತ್ತಿಟ್ಟು ಬಿತ್ತಿದರೆ ತಾಯಿಯ ಗುಣವು ಮರಳಿ ಬರುವುದಿಲ್ಲ. ದೆಹಲಿ ಕನಕಾಂಬರವೆಂಬ ತಳಿಯು ಬೀಜವನ್ನೇ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಇವನ್ನು ಬೆಳೆಯಬಾರದೆಂದು ನಾವು ಹೇಳುವುದಿಲ್ಲ. ಆದರೆ ಬೀಜವನ್ನು ಆರಿಸುವ, ಕಡ್ಡಿಯನ್ನು ನಾಟುವ ವಿದ್ಯೆಯು ಹೆಂಗಸರ ಕೈಯಿಂದ ಜಾರಿದರೆ, ಗಿಡದೊಂದಿಗೆ ಅದರ ಜ್ಞಾನವೂ ಹೋಗುವುದು. ಆದುದರಿಂದ ಪ್ರತಿಯೊಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿಯೂ ಹಿತ್ತಲ ಗಿಡಗಳ ಒಂದು ಸಣ್ಣ ಸಸಿತೋಟವಿರಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಜನರು ನರ್ಸರಿಯೆಂದು ಎಳೆಯ ಮಕ್ಕಳ ಶಾಲೆಯನ್ನೂ ಎಳೆಯ ಗಿಡಗಳ ತೋಟವನ್ನೂ ಕರೆಯುತ್ತಾರಷ್ಟೆ. ಎರಡಕ್ಕೂ ಬೇಕಾದ ಗುಣವೊಂದೇ.

ಇದಕ್ಕೆ ವಿಶಾಲವಾದ ಸ್ಥಳವು ಬೇಡ. ಇಪ್ಪತ್ತು ಕುಂಡಗಳು, ಒಂದು ಪಾತಿ, ಒಂದಿಷ್ಟು ನೆರಳು ಇದ್ದರೆ ಸಾಕು. ಬೇಕಾದುದು ಋತುವಿನ ಲಕ್ಷ್ಯ. ಏಪ್ರಿಲ್ ಮೇ ತಿಂಗಳುಗಳಲ್ಲಿ ಅಶ್ವಿನಿ ಭರಣಿ ಮಳೆಗಳು ಬಿದ್ದೊಡನೆ ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇವನ್ನು ಬೆರಸಿ ಇಡಬೇಕು. ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಮೃಗಶಿರ, ಆರಿದ್ರೆ ಮಳೆಗಳ ಕಾಲ. ದಾಸವಾಳ, ನಂದಿಬಟ್ಟಲು, ಮಲ್ಲಿಗೆಗಳ ಕಡ್ಡಿಯನ್ನು ನೆಡಲು ಇದೇ ಸಮಯ. ಪೆನ್ಸಿಲಿನ ಗಾತ್ರದ, ಗೇಣುದ್ದದ ಕಡ್ಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ನೆರಳಿನಲ್ಲಿ ನೆಟ್ಟರೆ ಬೇರೊಡೆಯುವುದು. ಆಗಲೇ ಚೆಂಡುಹೂವಿನ ಬೀಜವನ್ನು ಬಿತ್ತಿದರೆ ದಸರೆಯ ವೇಳೆಗೆ ಹೂವಾಗುವುದು. ಕನಕಾಂಬರದ ಒಣಗಿದ ತೆನೆಗೆ ನೀರು ತಾಗಿದರೆ ಕಾಯಿ ಚಟ್ಟನೆ ಸಿಡಿದು ಬೀಜ ದೂರ ಹಾರುವುದು. ಒಮ್ಮೆ ಇದನ್ನು ಕಂಡ ಬಾಲಿಕೆಯು ಬೀಜಪ್ರಸರಣದ ಪಾಠವನ್ನು ಎಂದಿಗೂ ಮರೆಯಳು.

ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಈ ಸೀಮೆಗೆ ಮಳೆ ಹೆಚ್ಚು. ಕುಂಡಗಳಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ, ಅವನ್ನು ಇಟ್ಟಿಗೆಯ ಮೇಲೆ ಎತ್ತಿಡಬೇಕು. ನವೆಂಬರಿನ ಚಳಿಯಲ್ಲಿ ದವನದ ಸರದಿ. ಅದರ ನವಿರಾದ ಬೀಜವನ್ನು ಮರಳಿನೊಡನೆ ಬೆರಸಿ ಚೆಲ್ಲಬೇಕು. ವರ್ಷದ ಕೊನೆಯಲ್ಲಿ ಮಲ್ಲಿಗೆಯನ್ನು ಸವರಿ, ನೀರನ್ನು ಕಡಿಮೆ ಮಾಡಿ, ಆಮೇಲೆ ಗೊಬ್ಬರ ಕೊಟ್ಟರೆ ಬೇಸಿಗೆಯಲ್ಲಿ ಮೊಗ್ಗು ತುಂಬುವುದು. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವ ಈ ಕ್ರಮವನ್ನೇ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕ್ರುಂಬಿಗಲ್ ಮಹಾಶಯರು ಬೆಂಗಳೂರಿನ ಬೀದಿಯ ಮರಗಳಲ್ಲಿ ಸಾಧಿಸಿ ಕೀರ್ತಿ ಪಡೆದರು. ನಮ್ಮ ಅಜ್ಜಿಯರು ಅದನ್ನು ಹತ್ತು ಮೊಳದ ಹಿತ್ತಲಲ್ಲಿ ಸಾಧಿಸಿದರು; ಅವರಿಗೆ ಕೀರ್ತಿ ಬರಲಿಲ್ಲ, ಅಷ್ಟೇ.

ಸೇವಂತಿಗೆಯ ವಿಷಯವನ್ನು ಬೇರೆಯಾಗಿ ಹೇಳಬೇಕು. ಅದರಲ್ಲಿ ನನ್ನ ತಪ್ಪೊಂದಿದೆ. ಒಂದು ವರ್ಷ ಸೇವಂತಿಗೆಯ ಮರಿಗಳನ್ನು ಬೇರ್ಪಡಿಸಿ ಆರು ಮಂದಿ ಹುಡುಗಿಯರಿಗೆ ಒಂದೊಂದು ಕುಂಡದಂತೆ ಒಪ್ಪಿಸಿದ್ದೆ. ನವೆಂಬರಿನಲ್ಲಿ ಐದು ಕುಂಡಗಳು ಹಳದಿಯಾಗಿ ಅರಳಿದವು. ಆರನೆಯದು ಸೊಂಪಾಗಿ ಎಲೆಯೊಡೆದರೂ ಒಂದು ಮೊಗ್ಗನ್ನೂ ಬಿಡಲಿಲ್ಲ. “ಮೇಡಂ, ನಾನು ದಿನವೂ ನೀರು ಹಾಕಿದ್ದೇನೆ” ಎಂದು ಆ ಹುಡುಗಿ ಹೇಳಿದಳು. ನಾನು ನಂಬಲಿಲ್ಲ, ಎಲ್ಲರೆದುರಿಗೆ ಅವಳನ್ನು ಅಲಕ್ಷ್ಯದವಳೆಂದು ಗದರಿಸಿದೆ. ಕೆಲವು ದಿನಗಳ ಮೇಲೆ ಶಾಲೆಗೆ ಬಂದ ಅವಳ ತಾಯಿ ಆ ಕುಂಡವನ್ನು ನೋಡಿ, ಮೇಲಿದ್ದ ಜಗಲಿಯ ದೀಪವನ್ನೂ ನೋಡಿ, “ಈ ಗಿಡಕ್ಕೆ ರಾತ್ರಿನೇ ಆಗಾಕಿಲ್ವಲ್ಲ ಅಮ್ಮಾವ್ರೇ, ಇನ್ನೆಲ್ಲಿ ಹೂ ಬಿಟ್ಟಾತು?” ಎಂದಳು. ಆಕೆ ಹೇಳಿದುದು ದಿಟ. ಸೇವಂತಿಗೆಯು ಮೊಗ್ಗಾಗಲು ದೀರ್ಘವಾದ ಕತ್ತಲೆ ಬೇಕು. ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು ಹಗಲಿರುಳುಗಳ ಅಳತೆಗೂ ಹೂವಿಗೂ ಇರುವ ಈ ಸಂಬಂಧವನ್ನು 1920ರಲ್ಲಿ ಪ್ರಕಟಿಸಿದರು. ಚಿಕ್ಕಬಳ್ಳಾಪುರದ ಕಡೆಯ ಬೆಳೆಗಾರರು ಹೂವನ್ನು ತಡೆದು ನಿಲ್ಲಿಸಬೇಕಾದಾಗ ಹೊಲದಲ್ಲಿಯೇ ರಾತ್ರಿ ದೀಪಗಳನ್ನು ಉರಿಸುವುದುಂಟು. ತರಬೇತು ಪಡೆದ ಉಪಾಧ್ಯಾಯಿನಿಗೆ ಹೊಳೆಯದುದು ಒಬ್ಬ ಬೆಳೆಗಾರ ತಾಯಿಗೆ ಹೊಳೆಯಿತು. ಮರುದಿನ ಎಲ್ಲರೆದುರಿಗೇ ಆ ಹುಡುಗಿಯ ಕ್ಷಮೆಯನ್ನು ಕೇಳಿದೆ. ಗಿಡವು ಬಾಡಿದರೆ ಕಾರಣವನ್ನು ಹುಡುಕುತ್ತೇವೆ. ಮಗುವು ಹಿಂದೆ ಬಿದ್ದರೆ ದೂರನ್ನು ಹೊರಿಸುತ್ತೇವೆ. ಇದು ಎಂಥ ನ್ಯಾಯ?

ಅಂದಿನಿಂದ, ತಡವಾಗಿ ಬಂದವಳಿಗೆ ಗಿಡಗಳಿಗೆ ನೀರೆರೆಯುವ ಶಿಕ್ಷೆಯನ್ನು ಕೊಡುವ ಪದ್ಧತಿಯನ್ನೂ ಬಿಡಿಸಿದ್ದೇನೆ. ಶಿಕ್ಷೆಯಾಗಿ ನೀರೆರೆದವಳಿಗೆ ಗಿಡದ ಮೇಲೆ ಪ್ರೀತಿ ಹುಟ್ಟುವುದೆಂತು?

ಪರೀಕ್ಷೆಗೆ ಬಾರದ ಕೆಲಸಕ್ಕೆ ಹೊತ್ತೆಲ್ಲಿಂದ ತರುವುದೆಂದು ಪೋಷಕರು ಕೇಳುವುದುಂಟು. ದಿನಕ್ಕೆ ಕಾಲು ಗಂಟೆ ಸಾಕು. ಸಸ್ಯಶಾಸ್ತ್ರದ ಪಾಠವು ಅಲ್ಲಿಯೇ ಅರ್ಧ ಮುಗಿಯುವುದು. ಬೇಸಿಗೆಯ ರಜೆಯಲ್ಲಿ ಗಿಡಗಳ ಗತಿಯೇನೆಂಬ ಪ್ರಶ್ನೆಯು ಇದಕ್ಕಿಂತ ದೊಡ್ಡದು. ಬಾಗಿಲು ಮುಚ್ಚಿದ ಶಾಲೆಯಲ್ಲಿ ಗಿಡವು ಏಪ್ರಿಲನ್ನು ದಾಟಲಾರದು. ಅದಕ್ಕಾಗಿ ಒಬ್ಬೊಬ್ಬಳೂ ಒಂದೊಂದು ಕುಂಡವನ್ನು ಮನೆಗೆ ಒಯ್ದು ಜೂನಿನಲ್ಲಿ ಮರಳಿ ತರಬೇಕೆಂದು ಗೊತ್ತುಮಾಡಿದೆವು. ಕೆಲವು ಒಣಗಿದವು. ಕೆಲವು ಅಜ್ಜಿಯ ಕೈಗೆ ಸಿಕ್ಕಿ, ಒಂದು ಹೋಗಿ ಎರಡಾಗಿ ಬಂದವು. ಒಣಗಿಸಿದವಳೂ ಏಕೆ ಒಣಗಿತೆಂಬುದನ್ನು ಬರೆದು ತರಬೇಕು, ಅದೂ ಪಾಠವೇ.

ಇಂಗ್ಲೆಂಡಿನಲ್ಲಿಯೂ ಬಡವರ ಗುಡಿಸಲುಗಳ ಮುಂದಿದ್ದ ಹಳೆಯ ಹೂಗಿಡಗಳು ಇಲ್ಲವಾಗುತ್ತಿದ್ದ ಕಾಲವಿತ್ತು. ಮಾರ್ಜರಿ ಫಿಷ್ ಎಂಬಾಕೆಯು ಅಂಥ ಗಿಡಗಳನ್ನು ಅರಸಿ ತಂದು, ಸಾಮರ್ಸೆಟ್ ಪ್ರಾಂತದ ತನ್ನ ಮನೆಯ ತೋಟದಲ್ಲಿ ಬೆಳೆಸಿ, ಸಣ್ಣದೊಂದು ಸಸಿತೋಟದ ಮೂಲಕ ಇತರರಿಗೆ ಹಂಚಿದಳು. ಆಕೆಯು ತೋಟದ ಕೆಲಸಕ್ಕೆ ಕೈಯಿಟ್ಟುದು ನಡುವಯಸ್ಸು ದಾಟುವ ಹೊತ್ತಿಗೆ. ನಮ್ಮ ಹೆಣ್ಣುಮಕ್ಕಳಿಗಾದರೋ ಇನ್ನೂ ಹದಿನಾಲ್ಕು ಹದಿನೈದು ವರ್ಷ.

ಆದುದರಿಂದ, ಈ ವರ್ಷ ಶಾಲೆಯನ್ನು ಬಿಟ್ಟು ಹೋಗುವ ಪ್ರತಿಯೊಬ್ಬಳೂ ತಾನು ಬೆಳೆಸಿದ ಒಂದು ಗಿಡವನ್ನು ಮನೆಗೆ ಒಯ್ಯಲಿ. ಅದೇ ಗಿಡದ ಇನ್ನೊಂದು ಕಡ್ಡಿಯನ್ನು ತನ್ನ ಹಿಂದೆ ಬರುವವಳಿಗಾಗಿ ಇಲ್ಲಿ ನೆಟ್ಟು ಹೋಗಲಿ. ಮನೆಗೆ ಹಿತ್ತಲಿಲ್ಲದಿದ್ದರೆ ಕಿಟಕಿಯ ಬಳಿ ಒಂದು ಕುಂಡಕ್ಕೆ ಸ್ಥಳವಿದ್ದೇ ಇರುವುದು. ಸೇವಂತಿಗೆಯನ್ನು ಒಯ್ದವಳು ಮಾತ್ರ ಅದನ್ನು ದೀಪದ ಕೆಳಗೆ ಇಡದಿರಲಿ.