ತುಟಿ ಜುಮ್ ಅಂತಿದೆಯಾ, ಅಜ್ಜಿ?

ಅಮ್ಮನ ಬೆನ್ನಿನ ಮೇಲೆ ನಿಂಬೆಹಣ್ಣಿನ ಗಾತ್ರದ ಕೊಬ್ಬಿನ ಗಂಟಿತ್ತು. ವಿಜಯನಗರ ಎರಡನೇ ಹಂತದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ನರ್ಸಿಂಗ್ ಹೋಮಿನಲ್ಲಿ ಅದನ್ನು ತೆಗೆಸಿದೆವು. ‘ಲೋಕಲ್ ಅನಸ್ತೇಶಿಯಾ, ಅರ್ಧ ಗಂಟೆ ಕೆಲಸ’ ಅಂದಿದ್ದರು. ಇಂಜೆಕ್ಷನ್ ಕೊಟ್ಟು ಡಾಕ್ಟರು ಪಕ್ಕದ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಅಮ್ಮ, ‘ತುಟಿ ಜುಮ್ ಅಂತಿದೆ ಕಣಮ್ಮ, ತಾಮ್ರದ ಚೊಂಬು ನೆಕ್ಕಿದ ಹಾಗಿದೆ ಬಾಯಿ’ ಅಂದರು. ಟ್ರೇ ಜೋಡಿಸುತ್ತಿದ್ದ ನರ್ಸ್ ‘ಹೆದರಿಕೆಗೆ ಹಂಗಾಗುತ್ತೆ ಅಜ್ಜಿ, ಸುಮ್ನೆ ಮಲಕ್ಕೊಳ್ಳಿ’ ಎಂದು ಹೊರಗೆ ಹೋದಳು. ಬಾಗಿಲ ಬಳಿ ನಿಂತಿದ್ದ ನನಗೆ ಎರಡೂ ಮಾತು ಕೇಳಿಸಿದವು.

ಅಮ್ಮನಿಗೆ ಏನೂ ಆಗಲಿಲ್ಲ. ಮನೆಗೆ ಬಂದು ಮಜ್ಜಿಗೆ ಅನ್ನ ಉಂಡರು. ಹೆದರಿಕೆಯೇ ಇದ್ದೀತು. ನನ್ನ ತಕರಾರು ಅದಲ್ಲ.

ಲಿಗ್ನೋಕೇನ್ ರಕ್ತದಲ್ಲಿ ಮಿತಿ ಮೀರಿದಾಗ ಮೊದಲು ಕಾಣಿಸಬಹುದಾದ ಲಕ್ಷಣಗಳು ಇವೇ: ತುಟಿ, ನಾಲಿಗೆ ಜುಮುಗುಡುವುದು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಸದ್ದು, ಮಾತು ತೊದಲುವುದು. ಅಲ್ಲಿಗೆ ಎಚ್ಚೆತ್ತರೆ ಮದ್ದು ನಿಲ್ಲಿಸಿ ಆಮ್ಲಜನಕ ಕೊಡಬಹುದು, ಬೇಕಾದರೆ 20% ಲಿಪಿಡ್ ಎಮಲ್ಷನ್ ಏರಿಸಬಹುದು. ಎಚ್ಚರ ತಪ್ಪಿದರೆ ಫಿಟ್ಸ್, ಆಮೇಲೆ ಹೃದಯ. ಅಪರೂಪ, ಒಪ್ಪುತ್ತೇನೆ. ಆದರೆ ಬಾಯಿಯ ರುಚಿಯನ್ನು ತೋರಿಸುವ ಮಾನಿಟರ್ ಯಾವ ಕಂಪನಿಯೂ ಮಾಡಿಲ್ಲ. ರೋಗಿ ಹೇಳಬೇಕು, ಪಕ್ಕದಲ್ಲಿ ಯಾರಾದರೂ ನಿಂತು ಕೇಳಿಸಿಕೊಳ್ಳಬೇಕು.

‘ಅರಿವಳಿಕೆ’ ಅನ್ನುತ್ತೇವಲ್ಲ, ಆ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ. ಇದರಲ್ಲಿ ಅರಿವು ಅಳಿಯುವುದೇ ಇಲ್ಲ, ಒಂದು ತುಂಡು ಚರ್ಮ ಮರಗಟ್ಟುತ್ತದೆ ಅಷ್ಟೆ. ಮನುಷ್ಯ ಪೂರ್ತಿ ಎಚ್ಚರವಿರುತ್ತಾನೆ. ಆ ಎಚ್ಚರವೇ ಅವನ ರಕ್ಷಣೆ.

ಹೊಲಿಗೆ ಬಿಚ್ಚಿಸಲು ಹೋದ ದಿನ ಅದೇ ನರ್ಸನ್ನು ಕೇಳಿದೆ. ಪಾಪ, ಒಳ್ಳೆಯ ಹುಡುಗಿ. ‘ಸರ್ಕಂಓರಲ್ ಪರೆಸ್ತೀಶಿಯಾ, ಮೆಟಾಲಿಕ್ ಟೇಸ್ಟ್, ಟಿನಿಟಸ್’ ಎಂದು ಒಂದೇ ಉಸಿರಿಗೆ ಹೇಳಿದಳು. ಎಲ್ಲ ಗೊತ್ತು! ಪರೀಕ್ಷೆಯಲ್ಲಿ ಬರೆದಿದ್ದಾಳೆ. ‘ಜುಮ್ ಅಂತಿದೆ’ ಅನ್ನುವುದೇ ಆ ಪರೆಸ್ತೀಶಿಯಾ ಎಂದು ಮಾತ್ರ ಯಾರೂ ಅವಳಿಗೆ ಹೇಳಿಕೊಟ್ಟಿಲ್ಲ. ಕೇರಳದಿಂದ ಬಂದವರಿಗೆ ಕನ್ನಡ ಬರುವುದಿಲ್ಲ ಎಂಬ ಸಿದ್ಧ ದೂರನ್ನು ದಯವಿಟ್ಟು ತೆಗೆಯಬೇಡಿ. ಈಕೆ ಮೈಸೂರು ಸೀಮೆಯವಳೇ. ಅವಳ ಮನೆಮಾತು ಕನ್ನಡ, ಓದು ಇಂಗ್ಲಿಷ್, ಎರಡರ ನಡುವೆ ಬಾಗಿಲಿಲ್ಲ.

ಜಿಲ್ಲಾ ಸಾಹಿತ್ಯ ಪರಿಷತ್ತಿನ ಭವನ ನಮ್ಮ ವಿಜಯನಗರ ಮೊದಲ ಹಂತದಲ್ಲೇ ಇದೆ. ಕನ್ನಡ ಉಳಿಸುವ ಭಾಷಣಗಳನ್ನು ಅಲ್ಲಿ ಕೂತು ನಾನೂ ಕೇಳಿದ್ದೇನೆ, ಚಪ್ಪಾಳೆಯನ್ನೂ ತಟ್ಟಿದ್ದೇನೆ. ನಾವು ವೈದ್ಯಕೀಯ ಕನ್ನಡ ಎಂದಾಗಲೆಲ್ಲ ಕೇಳುವುದು ಪಾರಿಭಾಷಿಕ ಪದಕೋಶ. ಪರೆಸ್ತೀಶಿಯಾಕ್ಕೆ ಸಂಸ್ಕೃತದಲ್ಲಿ ಒಂದು ಭಾರದ ಪದ ಟಂಕಿಸಿದರೆ ಅಮ್ಮನಿಗೇನು ಬಂತು? ಬೇಕಿರುವುದು ತಿರುಗುಮುರುಗಿನ ಕೋಶ: ಜುಮ್ ಅನ್ನೋದು, ಗುಂಯ್ ಅನ್ನೋದು, ತಲೆ ಧಿಮ್ ಅನ್ನೋದು, ಬಾಯಿ ಒಂಥರಾ ಆಗೋದು, ಇವನ್ನು ಕೇಳಿದರೆ ಏನೆಂದು ಅರ್ಥ ಮಾಡಿಕೊಳ್ಳಬೇಕು, ಏನು ಮಾಡಬೇಕು. ಮಂಡ್ಯದವರು ಹೇಗೆ ಹೇಳುತ್ತಾರೆ, ಕಲಬುರಗಿಯವರು ಹೇಗೆ ಹೇಳುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವಿದು, ಪಿಎಚ್.ಡಿ.ಗೂ ಆದೀತು.

ಆದರೆ ಎಲ್ಲವನ್ನೂ ಭಾಷೆಯ ತಲೆಗೆ ಕಟ್ಟುವುದೂ ಸುಳ್ಳು. ಅವತ್ತು ಅವಳೊಬ್ಬಳೇ ಮೂರು ಕೋಣೆ ನೋಡಿಕೊಳ್ಳುತ್ತಿದ್ದಳು. ನಿಲ್ಲುವಷ್ಟು ಹೊತ್ತಿಲ್ಲದವಳಿಗೆ ಯಾವ ಭಾಷೆ ಬಂದರೇನು? ‘ಸಣ್ಣ ಆಪರೇಷನ್’ ಅನ್ನುವ ಮಾತು ಒಬ್ಬ ನರ್ಸಿನ ಸಂಬಳ ಉಳಿಸುವ ಮಾತೂ ಹೌದು.

ಇನ್ನೊಂದು ಲೆಕ್ಕ. ಅಮ್ಮನ ತೂಕವನ್ನು ಅಲ್ಲಿ ಯಾರೂ ನೋಡಲಿಲ್ಲ. 2% ಲಿಗ್ನೋಕೇನ್ ಎಂದರೆ ಒಂದು ಮಿ.ಲೀ.ನಲ್ಲಿ 20 ಮಿ.ಗ್ರಾಂ. ಅಡ್ರಿನಲಿನ್ ಬೆರೆಸದಿದ್ದರೆ ದೇಹತೂಕದ ಕೆ.ಜಿ.ಗೆ 4.5 ಮಿ.ಗ್ರಾಂ ಎಂಬುದು ಸಾಮಾನ್ಯವಾಗಿ ಹೇಳುವ ಗರಿಷ್ಠ ಮಿತಿ. 40 ಕೆ.ಜಿ.ಯವರಿಗೆ 180 ಮಿ.ಗ್ರಾಂ, ಅಂದರೆ ಬರೀ 9 ಮಿ.ಲೀ.; ವಯಸ್ಸಾದವರಿಗೆ ಇನ್ನೂ ಕಡಿಮೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿರುವುದು 30 ಮಿ.ಲೀ.

ಮುಂದಿನ ವಾರ ಚಿಕ್ಕಮ್ಮನಿಗೆ ಹಲ್ಲು ಕೀಳಿಸಬೇಕಿದೆ. ಬೀದಿ ಕೊನೆಯ ಮೆಡಿಕಲ್ ಶಾಪಿನ ತಕ್ಕಡಿಯಲ್ಲಿ ನಿಲ್ಲಿಸಿ ತೂಕ ನೋಡಿದೆ: 41. ಚೀಟಿಯಲ್ಲಿ ಬರೆದು ಅವರ ಪರ್ಸಿನೊಳಗೆ ಇಟ್ಟಿದ್ದೇನೆ.