ಅರ್ಧ ಓದಿದ ಶಾಸ್ತ್ರ

ಕಳೆದ ಮಾಸದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಮನೆಗೆ ಹೋಗಿದ್ದೆನು. ರಾತ್ರಿ ಎಂಟು ಗಂಟೆಯ ಸಮಯ. ಅವನ ಮಗಳು, ಇನ್ನೂ ನಾಲ್ಕು ತುಂಬದ ಕೂಸು, ಒಂದರಿಂದ ನೂರರವರೆಗಿನ ಅಂಕಿಗಳನ್ನು ಬರೆಯುತ್ತ ಕುಳಿತಿದ್ದಿತು. ಅರವತ್ತೇಳು ಬರೆಯಬೇಕಾದಲ್ಲಿ ಎಪ್ಪತ್ತಾರು ಬರೆಯಿತು. ತಾಯಿ ಅಳಿಸಿದಳು. ಮಗು ಮತ್ತೆ ಎಪ್ಪತ್ತಾರನ್ನೇ ಬರೆದು ಅಳತೊಡಗಿತು. “ಈ ಎಳೆಯ ಕೈಗೆ ಇಷ್ಟು ಭಾರವೇಕಪ್ಪ?” ಎಂದೆ. “ಮೇಷ್ಟ್ರೇ, ಆರು ವರ್ಷದೊಳಗೆ ಮೆದುಳು ಬಹುಪಾಲು ಬೆಳೆದುಬಿಡುತ್ತದಂತೆ. ಈಗ ಕಲಿಸದೆ ಇನ್ನು ಯಾವಾಗ ಕಲಿಸೋಣ, ನೀವೇ ಹೇಳಿ” ಎಂದನು.

ಈ ಮಾತು ಇಂದು ಸುಶಿಕ್ಷಿತರ ಮನೆಮನೆಗಳಲ್ಲಿ ಮಂತ್ರದಂತೆ ನಡೆಯುತ್ತಿದೆ. ಇದು ಸುಳ್ಳೆಂದು ನಾನು ಹೇಳುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೆದುಳಿನ ಬೆಳವಣಿಗೆಯಲ್ಲಿ ನೂರಕ್ಕೆ 85 ಪಾಲಿಗಿಂತ ಹೆಚ್ಚು ಆರನೆಯ ವರ್ಷಕ್ಕೆ ಮುಂಚೆಯೇ ಆಗುತ್ತದೆಂದು ಹೇಳಿದೆ. ಆದರೆ ಅದೇ ನೀತಿಯು ಅದೇ ಅಧ್ಯಾಯದಲ್ಲಿ, ಈ ವಯಸ್ಸಿನ ಕಲಿಕೆಯು ಆಟವನ್ನೂ ಚಟುವಟಿಕೆಯನ್ನೂ ಮಗುವಿನ ಕುತೂಹಲವನ್ನೂ ಆಧರಿಸಿರತಕ್ಕದ್ದೆಂದು ವಿಧಿಸಿದೆ. ನಾವು ಮೊದಲನೆಯ ವಾಕ್ಯವನ್ನು ಕಂಠಪಾಠ ಮಾಡಿ ಎರಡನೆಯದನ್ನು ಕೈಬಿಟ್ಟೆವು. ಅರ್ಧ ಓದಿದ ಶಾಸ್ತ್ರವು ಓದದೇ ಬಿಟ್ಟ ಶಾಸ್ತ್ರಕ್ಕಿಂತ ಅಪಾಯಕರವಾದದ್ದು. ಸಸಿಗೆ ಬೇರುಬಿಡುವ ಕಾಲವೇ ಮುಖ್ಯವೆಂದು ಬಲ್ಲ ತೋಟಿಗನು ಆ ಕಾಲದಲ್ಲಿಯೇ ಅದರಿಂದ ಹಣ್ಣು ಕೇಳುವನೇ?

ಪರೀಕ್ಷಿಸಿ ನೋಡಿದವರ ಮಾತನ್ನೇ ಕೇಳೋಣ. ಅಮೆರಿಕದ ಮಿಚಿಗನ್ ಪ್ರಾಂತದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1962ರಿಂದ 1967ರವರೆಗೆ ಪೆರಿ ಶಿಶುಶಾಲೆಯ ಪ್ರಯೋಗ ನಡೆಯಿತು. ಬಡ ನೀಗ್ರೋ ಕುಟುಂಬಗಳೆಂದು ಆಗ ಕರೆಯುತ್ತಿದ್ದ ಮನೆಗಳ 123 ಮಕ್ಕಳಲ್ಲಿ 58 ಮಕ್ಕಳಿಗೆ ಶಾಲೆ ದೊರೆಯಿತು. 65 ಮಕ್ಕಳಿಗೆ ದೊರೆಯಲಿಲ್ಲ. ಬೆಳಗ್ಗೆ ಎರಡೂವರೆ ಗಂಟೆ ಮಾತ್ರ ಪಾಠ. ಐದಾರು ಮಕ್ಕಳಿಗೆ ಒಬ್ಬ ಉಪಾಧ್ಯಾಯಿನಿ. ಯಾವ ಆಟವಾಡಬೇಕೆಂದು ಮಕ್ಕಳೇ ಯೋಚಿಸಿ, ಆಡಿ, ಆಮೇಲೆ ಅದನ್ನು ವಿವರಿಸಬೇಕು. ವಾರಕ್ಕೊಮ್ಮೆ ಉಪಾಧ್ಯಾಯಿನಿಯು ಮಗುವಿನ ಮನೆಗೇ ಹೋಗಿ ತಾಯಿಯೊಡನೆ ಒಂದೂವರೆ ಗಂಟೆ ಕಳೆಯುತ್ತಿದ್ದಳು. ಫಲವೇನು? ಬುದ್ಧಿಪರೀಕ್ಷೆಯ ಅಂಕಗಳು ಮೊದಲು ಏರಿ, ಕೆಲವೇ ವರ್ಷಗಳಲ್ಲಿ ಇಳಿದು ಇತರರೊಡನೆ ಸಮವಾದವು. ಆದರೆ ನಲವತ್ತನೆಯ ವಯಸ್ಸಿನಲ್ಲಿ ವಿಚಾರಿಸಿದಾಗ, ಶಾಲೆ ಕಂಡವರ ಸಂಪಾದನೆ ಹೆಚ್ಚಾಗಿದ್ದಿತು. ಅವರಲ್ಲಿ ಸೆರೆ ಸಿಕ್ಕವರು ಕಡಮೆಯಾಗಿದ್ದರು. 2000ದ ನೊಬೆಲ್ ಪಾರಿತೋಷಕ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಈ ಲೆಕ್ಕಗಳನ್ನು ಶೋಧಿಸಿ, ಲಾಭವು ಬಂದದ್ದು ಬುದ್ಧಿಯ ಅಂಕದಿಂದಲ್ಲ, ನಡತೆ ಮತ್ತು ಸ್ವಭಾವಗಳ ತಿದ್ದಿಕೆಯಿಂದ ಎಂದು ತೋರಿಸಿದರು.

ಇದೇ ದೇಶದ ಟೆನೆಸ್ಸೀ ಪ್ರಾಂತದಲ್ಲಿ ಸರ್ಕಾರವೇ ನಡೆಯಿಸಿದ ಶಿಶುಶಾಲೆಗಳನ್ನು ಸುಮಾರು 3,000 ಮಕ್ಕಳಲ್ಲಿ ಪರೀಕ್ಷಿಸಿ 2022ರಲ್ಲಿ ವರದಿ ಪ್ರಕಟಿಸಿದರು. ಮೊದಲ ವರ್ಷದ ಕೊನೆಗೆ ಮುಂದಿದ್ದ ಮಕ್ಕಳು ಆರನೆಯ ತರಗತಿಯ ವೇಳೆಗೆ, ಶಿಶುಶಾಲೆಗೆ ಹೋಗದವರಿಗಿಂತ ಹಿಂದುಳಿದಿದ್ದರು. ಕಾರಣದ ಚರ್ಚೆ ಇನ್ನೂ ನಡೆದಿದೆ. ನಾನು ಪರದೇಶದ ಅಂಕಿಗಳನ್ನು ತಂದು ನಮ್ಮ ನೆಲದಲ್ಲಿ ನೆಡುವವನಲ್ಲ. ಆದರೆ ಇಷ್ಟು ನಿಸ್ಸಂದೇಹ: ಬೇಗ ಸೇರಿಸಿದ ಮಾತ್ರಕ್ಕೆ ಶ್ರೇಯಸ್ಸಿಲ್ಲ. ಒಳಗೆ ಏನು ನಡೆಯುತ್ತದೆ, ಯಾರು ಜೊತೆಗಿರುತ್ತಾರೆ, ಮನೆಯೊಡನೆ ಸಂಬಂಧವೇನು—ಇವೇ ಪ್ರಶ್ನೆಗಳು.

ಐದು ವರ್ಷ ಲಾಲಿಸಿ, ಆಮೇಲೆ ಹತ್ತು ವರ್ಷ ದಂಡಿಸಬೇಕೆಂಬ ಸುಭಾಷಿತವನ್ನು ನಾನು ಪಾಠಶಾಲೆಯಲ್ಲಿ ಕಲಿತೆ. ನಾವು ಉಪಾಧ್ಯಾಯರು ಉತ್ತರಾರ್ಧವನ್ನು ಎಂದೂ ಮರೆತವರಲ್ಲ. ಪೂರ್ವಾರ್ಧವನ್ನು ನೆನೆದವರೂ ಅಲ್ಲ. ಅನ್ಯರನ್ನು ದೂರುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಸೇವೆಯ ಆರಂಭದಲ್ಲಿ, ತಂದೆತಾಯಿಗಳ ಒತ್ತಾಯಕ್ಕೆ ಮಣಿದು, ದಾಖಲಾತಿಯ ಸಂಖ್ಯೆಗೆ ಆಸೆಪಟ್ಟು, ಎಷ್ಟೋ ಎಳೆಯ ಮಕ್ಕಳಿಗೆ ಜೂನ್ ತಿಂಗಳ ಜನ್ಮದಿನವನ್ನು ನಾನೇ ದಯಪಾಲಿಸಿದ್ದೇನೆ. ಅವರಲ್ಲಿ ಒಬ್ಬ ಹುಡುಗನಿಗೆ ನಾಲ್ಕೂವರೆ ವರ್ಷ. ಬಳಪ ಹಿಡಿಯಲಾರದ ಅವನನ್ನು ದಡ್ಡನೆಂದು ನಾನೇ ಕರೆದೆ; ತರಗತಿಯೂ ಕರೆಯಿತು. ಮೂರನೆಯ ತರಗತಿಯಲ್ಲಿ ಅವನು ಶಾಲೆ ಬಿಟ್ಟನು. ಅವನು ದಡ್ಡನಲ್ಲ, ಚಿಕ್ಕವನು ಎಂಬ ಸರಳವಾದ ಸಂಗತಿ ನನಗೆ ಹೊಳೆಯುವ ಹೊತ್ತಿಗೆ ಕಾಲ ಮಿಂಚಿದ್ದಿತು.

ಇನ್ನು ಸರ್ಕಾರದ ವಿಚಾರ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದ ಪಾಲಿಗೆ ಬಂದ ಮೊದಲ ಸ್ಥಳ ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರವೆಂಬುದು ನಮಗೆ ಹೆಮ್ಮೆಯ ವಿಷಯ. ಆ ಅಂಗನವಾಡಿಯ ಕಾರ್ಯಕರ್ತೆ ಇಂದು ಪೌಷ್ಟಿಕ ಆಹಾರ ಹಂಚಬೇಕು, ಮಕ್ಕಳನ್ನು ತೂಗಬೇಕು, ಚುಚ್ಚುಮದ್ದಿಗೆ ಕರೆತರಬೇಕು, ಬಾಣಂತಿಯರನ್ನು ವಿಚಾರಿಸಬೇಕು, ಮೊಬೈಲಿನಲ್ಲಿ ಲೆಕ್ಕ ತುಂಬಬೇಕು; ಇಷ್ಟರ ನಡುವೆ ಕಥೆಯನ್ನೂ ಹೇಳಬೇಕು, ಹಾಡನ್ನೂ ಕಲಿಸಬೇಕು. ಇದಕ್ಕೆ ದೊರೆಯುವುದು ವೇತನವಲ್ಲ, ‘ಗೌರವಧನ’. 2018ರಲ್ಲಿ ಕೇಂದ್ರ ಸರ್ಕಾರ ಅದನ್ನು ತಿಂಗಳಿಗೆ 4,500 ರೂಪಾಯಿ ಎಂದು ನಿಗದಿ ಮಾಡಿತು. ರಾಜ್ಯಗಳು ಅದಕ್ಕೆ ತಮ್ಮ ಪಾಲನ್ನು ಸೇರಿಸುತ್ತವೆ. ಇವರಿಗೆ ಗ್ರಾಚ್ಯುಟಿ ಸಲ್ಲತಕ್ಕದ್ದೆಂದು ಹೇಳಲು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬರಬೇಕಾಯಿತು. ಹೆಸರಿನಲ್ಲಿ ಗೌರವವಿಟ್ಟು ಧನವನ್ನು ಉಳಿಸಿಕೊಳ್ಳುವ ಈ ಜಾಣತನ ಯಾವ ನೀತಿಗ್ರಂಥಕ್ಕೂ ಶೋಭೆಯಲ್ಲ.

ಕಾನೂನಿನ ಮಾತೂ ಹೀಗೆಯೇ. 2002ರ 86ನೆಯ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಆರರ ಕೆಳಗಿನವರನ್ನು ನಿರ್ದೇಶಕ ತತ್ತ್ವಗಳ ಸದಾಶಯಕ್ಕೆ ಒಪ್ಪಿಸಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಮೂರು ದಾಟಿದ ಮಕ್ಕಳಿಗೆ ಸರ್ಕಾರ ಏರ್ಪಾಡು ‘ಮಾಡಬಹುದು’ ಎಂದಿತು. ಅತ್ಯಂತ ಮುಖ್ಯವೆಂದು ನಾವೇ ಸಾರುವ ವರ್ಷಗಳಿಗೆ ‘ಬಹುದು’, ಉಳಿದವಕ್ಕೆ ‘ತಕ್ಕದ್ದು’! ತಾಯಂದಿರ ವಿಷಯದಲ್ಲಿ 2017ರಲ್ಲಿ ಎರಡು ಏರ್ಪಾಡುಗಳಾದವು: ನೌಕರಿಯ ತಾಯಿಗೆ ಇಪ್ಪತ್ತಾರು ವಾರಗಳ ಸಂಬಳಸಹಿತ ರಜೆ, ಕಳೆ ಕೀಳುವ ತಾಯಿಗೆ ಮೊದಲ ಮಗುವಿಗೆಂದು ಕಂತಿನಲ್ಲಿ 5,000 ರೂಪಾಯಿ. ಎರಡೂ ಕೂಸುಗಳ ಮೆದುಳು ಬೆಳೆಯುವ ಕ್ರಮ ಒಂದೇ ಅಲ್ಲವೇ? ಕೂಲಿಯ ತಾಯಂದಿರ ಶಿಶುಗಳಿಗಾಗಿ ನಮ್ಮ ರಾಜ್ಯವು 2023-24ರ ಆಯವ್ಯಯದಲ್ಲಿ 4,000 ಗ್ರಾಮಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಘೋಷಿಸಿದ್ದು ಶ್ಲಾಘ್ಯವಾದದ್ದು. ಅಂಥದು ಇನ್ನೂ ಬೇಕು.

“ನೆರೆಮನೆಯ ಮಗು ಮುಂದೆ ಹೋದೀತು, ನಮ್ಮದು ಹಿಂದುಳಿದೀತು” ಎಂಬುದು ಪೂರ್ವಪಕ್ಷ. ಅಂದು ರಾತ್ರಿ ನಾನು ಆ ಕೂಸಿನ ಮುಂದೆ ಹುಣಸೆಬೀಜ ಹರಡಿ, “ತಾತನಿಗೆ ಏಳು ಕೊಡು” ಎಂದೆ. ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗು ಒಂದು ಮುಷ್ಟಿ ತುಂಬ ಎತ್ತಿ ಕೊಟ್ಟಿತು. ಮುಂದೆ ಹೋದದ್ದು ಎಲ್ಲಿಗೆ? ಹತ್ತು ಸಲ ಆಡಿದ ಮೇಲೆ, ಕಣ್ಣೀರೊಣಗಿದ ಮುಖದಲ್ಲಿ ನಗುತ್ತ, ಏಳನ್ನು ಎಣಿಸಿ ಕೊಟ್ಟಿತು.

ಆದುದರಿಂದ ವಾಚಕ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಆರು ತುಂಬುವವರೆಗೆ ಮನೆಯಲ್ಲಿ ಬರೆಯುವ ಶಿಕ್ಷೆಯನ್ನು ನಿಲ್ಲಿಸಿರಿ. ಮಗುವಿನೊಡನೆ ಮಾತನಾಡಿರಿ, ಕಥೆ ಹೇಳಿರಿ. ನಿಮ್ಮ ಬೀದಿಯ ಅಂಗನವಾಡಿಯನ್ನು ಒಮ್ಮೆಯಾದರೂ ಹೋಗಿ ನೋಡಿರಿ. ಪ್ರತಿಯೊಂದು ಅಂಗನವಾಡಿಗೂ ಆಟಪಾಠಕ್ಕೆಂದೇ ಒಬ್ಬ ತರಬೇತಾದ ಶಿಕ್ಷಕಿ, ಅವರಿಗೆ ನಿಜವಾದ ವೇತನ, ಕಾನೂನಿನ ‘ಬಹುದು’ ಎಂಬಲ್ಲಿ ‘ತಕ್ಕದ್ದು’—ಈ ಮೂರನ್ನು ಬೇಡುವ ನಿರ್ಣಯವನ್ನು ನಮ್ಮ ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ನಾನು ಮಂಡಿಸಲಿದ್ದೇನೆ. ಅದನ್ನು ಅನುಮೋದಿಸಲು ಒಬ್ಬರು ಬೇಕಾಗಿದ್ದಾರೆ.