ಹಸಿಗೋಡೆಯೂ ಮಕ್ಕಳ ಉಸಿರೂ



ಗುಡಗೇರಿಯ ಸುತ್ತಲಿನ ಎರೆಭೂಮಿಗೆ ಮಳೆಯೇ ಭಾಗ್ಯವು. ಆದರೆ ಹೊಲಕ್ಕೆ ಬೇಕಾದ ಆ ನೀರು ಮನೆಯ ಗೋಡೆಯನ್ನು ಹೊಕ್ಕಿತೆಂದರೆ ತಾಯಿಯ ನಿದ್ರೆಯು ಕೆಡುವದು. ಯಾಕಂದರೆ ಗೋಡೆಗೆ ಬೂಸರು ಹಿಡಿದ ಮನೆಯಲ್ಲಿ ಮಗುವಿನ ಕೆಮ್ಮು ಎಷ್ಟು ಔಷಧ ಕೊಟ್ಟರೂ ಮರಳಿ ಮರಳಿ ಬರುವದುಂಟು.

ಮಗು ಕೆಮ್ಮಿದ ಕೂಡಲೆ ನಾವು ಮೊಸರನ್ನೂ ಬಾಳೆಯ ಹಣ್ಣನ್ನೂ ನಿಲ್ಲಿಸುತ್ತೇವೆ. ತಂಪು ತಿನ್ನಿಸಿದಳೆಂದು ತಾಯಿಯನ್ನು ದೂರುತ್ತೇವೆ. ಅದು ಮಲಗುವ ಮೂಲೆಯ ಗೋಡೆಯ ಕಡೆಗೆ ಮಾತ್ರ ಯಾರ ಲಕ್ಷ್ಯವೂ ಹೋಗುವದಿಲ್ಲ. ಇದು ದೊಡ್ಡ ತಪ್ಪೆಂದು ನನ್ನ ಅಭಿಪ್ರಾಯ.

ಬೂಸರು ಬರಿಯ ಕಲೆಯಲ್ಲ, ಅದೊಂದು ಜೀವಿ. ಕಣ್ಣಿಗೆ ಕಾಣದ ಅದರ ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ತೇಲುತ್ತಿರುವವು. ತೇವವಿದ್ದಲ್ಲಿ ಅವು ನೆಲೆಯೂರಿ ಬೆಳೆದು, ಮತ್ತೆ ಅಸಂಖ್ಯ ಕಣಗಳನ್ನು ಹರಡುವವು. ಮಕ್ಕಳ ಶ್ವಾಸನಾಳಗಳು ಕಿರಿದು. ಸ್ವಲ್ಪ ಬಾವು ಬಂದರೂ ಉಸಿರು ಕಟ್ಟುವದು. ಹಸಿಯಾದ, ಬೂಸರು ಹಿಡಿದ ಮನೆಗಳಿಗೂ ಕೆಮ್ಮು, ಗೂರಲು, ಉಸಿರಾಟದ ಸೋಂಕುಗಳಿಗೂ ಸಂಬಂಧವುಂಟೆಂದು ಜಾಗತಿಕ ಆರೋಗ್ಯ ಸಂಸ್ಥೆಯು 2009ರಲ್ಲಿಯೇ ಸಾರಿದೆ. ಇಂಗ್ಲೆಂಡದ ರಾಚ್‌ಡೇಲ್ ಪಟ್ಟಣದಲ್ಲಿ 2020ರಲ್ಲಿ ಎರಡು ವರ್ಷದ ಕೂಸೊಂದು ಬೂಸರು ತುಂಬಿದ ಬಾಡಿಗೆಯ ಮನೆಯಲ್ಲಿದ್ದು ಶ್ವಾಸರೋಗದಿಂದ ತೀರಿಕೊಂಡಿತು. ಆ ಮನೆಯ ಬೂಸರೇ ಮರಣಕ್ಕೆ ಕಾರಣವೆಂದು 2022ರ ವಿಚಾರಣೆಯಲ್ಲಿ ನಿರ್ಣಯವಾಯಿತು. ಧನಿಕ ದೇಶದಲ್ಲಿಯೇ ಹೀಗಾದ ಮೇಲೆ ನಾವು ಅಲಕ್ಷ್ಯ ಮಾಡಬಹುದೇ?

ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಯಲ್ಲಿ ಬಿರಿಯುವದು. ಅದರೊಡನೆ ಗೋಡೆಯೂ ಸೀಳುವದು. ಆ ಸೀಳಿನಲ್ಲಿ ನೀರು ಇಳಿಯುವದು. 2019ರ ಆಗಸ್ಟದ ಅತಿವೃಷ್ಟಿಯಲ್ಲಿ ಧಾರವಾಡ ಜಿಲ್ಲೆಯ ಎಷ್ಟೋ ಮಣ್ಣಿನ ಮನೆಗಳು ಬಿದ್ದುದನ್ನು ಯಾರೂ ಮರೆತಿಲ್ಲ. ಬಿದ್ದ ಮನೆಯ ಹಾನಿಯು ಎಲ್ಲರಿಗೂ ಕಾಣುವದು. ಬೀಳದೆ ಹಸಿಯಾಗಿ ನಿಂತ ಮನೆಯ ಹಾನಿಯನ್ನು ಮಗುವಿನ ಎದೆಯೊಂದೇ ಬಲ್ಲದು.

ಕಲೆಯ ಮೇಲೆ ಸುಣ್ಣ ಬಳಿದರೆ ಕಣ್ಣಿಗೆ ಸಮಾಧಾನವೇ ಹೊರತು ರೋಗಕ್ಕೆ ಪರಿಹಾರವಲ್ಲ. ತೇವ ಉಳಿದರೆ ಬೂಸರು ಮರಳಿ ಬರುವದು. ಆದುದರಿಂದ ಮೊದಲು ನೀರಿನ ದಾರಿಯನ್ನು ಹುಡುಕಿರಿ. ಮಳೆಗಾಲಕ್ಕೆ ಮುನ್ನವೇ ಮಾಳಿಗೆಯನ್ನೂ ಬಿರುಕುಗಳನ್ನೂ ದುರಸ್ತಿ ಮಾಡಿಸಿರಿ. ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲದಿರಲಿ. ಬಿಸಿಲು ಬಿದ್ದ ದಿನ ಕಿಟಕಿ, ಬೆಳಕಿಂಡಿಗಳನ್ನು ತೆರೆದು ಕೌದಿಗಳನ್ನು ಒಣಗಿಸಿರಿ. ಹಸಿ ಆರದ ಶೇಂಗಾ ಚೀಲಗಳನ್ನು ಮಲಗುವ ಕೋಣೆಯಲ್ಲಿ ಒಟ್ಟಬೇಡಿರಿ. ಬೂಸರನ್ನು ಸಾಬೂನಿನ ನೀರಿನಿಂದ ತೊಳೆದು ಒಣಗಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ, ಮಗುವನ್ನು ದೂರವಿರಿಸಿರಿ. ಅದರ ಹಾಸಿಗೆಯು ಹಸಿಗೋಡೆಗೆ ತಗಲದಿರಲಿ.

ಎಲ್ಲ ಕೆಮ್ಮಿಗೂ ಬೂಸರೇ ಕಾರಣವೆಂದಲ್ಲ. ಒಲೆಯ ಹೊಗೆಯೂ ಬೇರೆ ರೋಗಗಳೂ ಇರುವವು. ಉಸಿರಾಡುವಾಗ ಪಕ್ಕೆಲುಬು ಒಳಗೆ ಸೆಳೆಯುತ್ತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ವೈದ್ಯರು ಕೊಟ್ಟ ಪಂಪನ್ನು ಚಟವಾದೀತೆಂಬ ಭಯದಿಂದ ಬಿಡಬಾರದು.

ಮನೆಯ ಗೋಡೆ ಕಟ್ಟಿಸುವವರು ಹೆಚ್ಚಾಗಿ ಗಂಡಸರು; ಆ ಗೋಡೆಯ ಬದಿಯಲ್ಲಿ ರಾತ್ರಿಯೆಲ್ಲ ಕೆಮ್ಮುವ ಮಗುವನ್ನು ಎತ್ತಿಕೊಂಡು ಕೂಡ್ರುವವಳು ತಾಯಿ. ಆದುದರಿಂದ ಗೋಡೆಯ ವಿಷಯದಲ್ಲಿ ಅವಳ ಮಾತಿಗೂ ಬೆಲೆಯಿರಬೇಕು. ಶಾಲೆಯಲ್ಲಿ ಆರೋಗ್ಯಶಾಸ್ತ್ರವನ್ನು ಓದಿದ ನಮ್ಮ ಸೋದರಿಯರು ಆ ಮಾತನ್ನು ಧೈರ್ಯವಾಗಿ ಆಡಲಿ. ಪಾಲಕರು ಅದಕ್ಕೆ ಕಿವಿಗೊಡಲಿ.